ಪಕ್ಕದ ಮನೆಯವರ ಮರ

ಬ್ಯಾಡಗಿ
೨೨ ಏಪ್ರಿಲ್ ೧೯೮೬

ಐರಣಿಯ ಅಂಜಿನಪ್ಪನವರಿಗೆ, ಮೊನ್ನೆಯಿಂದ ನಿಮ್ಮ ಬೀಗನಾಗಿರುವ ಹೇಮಪ್ಪನ ನಮಸ್ಕಾರಗಳು.

ನಾವು ಊರು ಮುಟ್ಟಿದೆವು. ಆದರೆ ಮುಟ್ಟಿದ್ದು ಮರುದಿನ ಬೆಳಿಗ್ಗೆ. ನಿಮ್ಮ ಮನೆಯಲ್ಲಿ ನಿಶ್ಚಯದ ಊಟ ಮುಗಿಸಿ, ನಾಲ್ಕರ ಬಸ್ಸು ತಪ್ಪಿಸಿಕೊಂಡು, ಅದರ ನಂತರದ ಬಸ್ಸಿಗೆ ಹೊರಟವರು ರಾಣೆಬೆನ್ನೂರು ದಾಟುವ ಹೊತ್ತಿಗೆ ಗಾಳಿ ಶುರುವಾಯಿತು. ಅಂಥ ಗಾಳಿಯನ್ನು ನನ್ನ ಆಯುಷ್ಯದಲ್ಲಿ ನಾನು ಕಂಡಿಲ್ಲ. ಮೋಟೆಬೆನ್ನೂರಿನ ಹತ್ತಿರ ರಸ್ತೆಯ ಎರಡೂ ಬದಿಯ ಮರಗಳು ಒಂದರ ಮೇಲೊಂದು ಬಿದ್ದು ಹಿಂದೆಯೂ ಹೋಗುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ. ಗಂಡಸರೆಲ್ಲ ಇಳಿದು ಮಳೆಯಲ್ಲೇ ಟೊಂಗೆ ಎಳೆದೆವು. ಊರೊಳಗಿನಿಂದ ಯಾರೋ ಒಂದು ಕೊಡಲಿ ತಂದುಕೊಟ್ಟರು, ಅದರ ಕಾವು ಮೂರು ಏಟಿಗೇ ಮುರಿಯಿತು. ನಿಮ್ಮ ಅಳಿಯನಾಗುವ ಉಡಚಪ್ಪ ನೀವು ಉಡುಗೊರೆ ಕೊಟ್ಟ ಹೊಸ ಅಂಗಿಯನ್ನು ಅವತ್ತೇ ಹರಿದುಕೊಂಡ. ನನ್ನ ತಾಯಿ ಗುತ್ತೆವ್ವ ಮಾತ್ರ ಬಸ್ಸಿನಲ್ಲಿ ಬೆಚ್ಚಗೆ ಕುಳಿತು, "ಮದಲ ಸಣ್ಣ ಟೊಂಗಿ ಎಳೀರ್ಲೇ, ಬೊಡ್ಡಿ ಮುಟ್ಟಬ್ಯಾಡ್ರಿ" ಎಂದು ಕಿಟಕಿಯಿಂದಲೇ ಕಾರುಭಾರ ಮಾಡಿದಳು.

ಈಗ ಮುಖ್ಯ ಮಾತು. ಮದುವೆ ಎಲ್ಲಿ ಎಂಬ ವಿಷಯಕ್ಕೆ ಮೊನ್ನೆ ನಾವಿಬ್ಬರೂ ಎಷ್ಟು ಜಗ್ಗಾಡಿದೆವೆಂದರೆ ನಡುವೆ ಕುಳಿತ ಹಿರಿಯರೇ ಬೇಸತ್ತು ಎದ್ದುಹೋದರು. ನಮ್ಮವರಲ್ಲಿ ಮದುವೆ ಗಂಡಿನ ಮನೆಯ ಮುಂದೆ ನಡೆಯುವುದೇ ವಾಡಿಕೆ, ಸಾವಿರ ಮಂದಿ ಕೂಡುವ ಅಂಗಳ ನನ್ನದು ಎಂದು ನಾನು. ಇರುವವಳು ಒಬ್ಬಳೇ ಮಗಳು, ಅಕ್ಷತೆ ನಮ್ಮ ಹೊಸಿಲಿನ ಮುಂದೆಯೇ ಬೀಳಬೇಕು ಎಂದು ನೀವು. ಕಡೆಗೆ ಪತ್ರ ಬರೆದು ತೀರ್ಮಾನ ಮಾಡೋಣ ಎಂದು ಎದ್ದೆವು. ಬಂದಮೇಲೆ ಯೋಚಿಸಿದೆ. ಹೆಣ್ಣು ಕೊಡುವವರ ಆಸೆ ದೊಡ್ಡದು. ಮದುವೆ ಐರಣಿಯಲ್ಲೇ ಆಗಲಿ. ಹೇಮಪ್ಪ ಸೋತ ಎಂದು ಊರ ತುಂಬ ಹೇಳಿಕೊಂಡು ತಿರುಗಿ, ನನ್ನ ತಕರಾರಿಲ್ಲ. ಮುಹೂರ್ತ ಮೇ ಇಪ್ಪತ್ತೆಂಟಕ್ಕೇ ಇರಲಿ.

ಹಾಂ, ನಮ್ಮ ಪಕ್ಕದ ಮನೆಯವರ ಬೇವಿನ ಮರ ಆ ಗಾಳಿಗೆ ಬುಡಸಮೇತ ಕಿತ್ತು ಬಿದ್ದಿದೆ. ಅಂಗಳವೆಲ್ಲ ಮುಚ್ಚಿಹೋಗಿದೆ. ಪಾಪ, ಅವರ ಪಾಡು ನೋಡಲಾಗುವುದಿಲ್ಲ. ದೇವರ ದಯೆಯಿಂದ ನಮಗೇನೂ ಆಗಿಲ್ಲ.

ಉತ್ತರವನ್ನು ಅಂಟಿಸಿ ಮುಚ್ಚುವ ಇನ್‌ಲ್ಯಾಂಡ್‌ನಲ್ಲೇ ಬರೆಯಿರಿ. ಕಾರ್ಡು ಹಾಕಿದರೆ ನನಗಿಂತ ಮೊದಲು ನನ್ನ ಅಕ್ಕ ಸುಶೀಲವ್ವ ಓದುತ್ತಾಳೆ, ಆಮೇಲೆ ಓಣಿ ಓದಿದಂತೆಯೇ.

ನಿಮ್ಮ
ಹೇಮಪ್ಪ


ಐರಣಿ
೨೭ ಏಪ್ರಿಲ್ ೧೯೮೬

ಬೀಗರಾದ ಹೇಮಪ್ಪನವರಿಗೆ ಅಂಜಿನಪ್ಪನ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಮನೆಯವರನ್ನೆಲ್ಲ ಕೂಡಿಸಿಕೊಂಡು ಓದಿದೆ. ತಾಯಿಯವರು ಇಡೀ ರಾತ್ರಿ ಬಸ್ಸಿನಲ್ಲಿ ಕಳೆದರೆಂದು ಕೇಳಿ ನನ್ನ ಹೆಂಡತಿ ಮರಿಯವ್ವ ಬಹಳ ಮರುಗಿದಳು. ಅಳಿಯಂದಿರಿಗೆ ಇನ್ನೊಂದು ಅಂಗಿ ಹೊಲಿಸಿದರಾಯಿತು, ಅದಕ್ಕೇಕೆ ಚಿಂತೆ.

ಇಲ್ಲಿ ಗಾಳಿ ಅಷ್ಟೇನೂ ಇರಲಿಲ್ಲ. ಹೊಳೆಯ ಕಡೆಯಿಂದ ಸ್ವಲ್ಪ ಬೀಸಿತು, ನಾಲ್ಕು ಹಂಚು ಹಾರಿದವು, ಮುಗಿಯಿತು.

ಮದುವೆಯ ವಿಷಯದಲ್ಲಿ ನೀವು ದೊಡ್ಡ ಮನಸ್ಸು ಮಾಡಿದಿರಿ. ಆದರೆ ನೀವು ಹೋದಮೇಲೆ ನಾನೂ ವಿಚಾರ ಮಾಡಿದೆ. ಹಿರಿಯರಿಂದ ನಡೆದುಬಂದದ್ದನ್ನು ಮುರಿಯಲು ನಾನು ಯಾರು? ಮದುವೆ ಬ್ಯಾಡಗಿಯಲ್ಲೇ ಆಗಲಿ. ನಿಮ್ಮ ಅಂಗಳದ ಬೇವಿನ ನೆರಳನ್ನು ನೀವು ಅವತ್ತು ಅಷ್ಟು ಹೊಗಳಿದಿರಿ, ಹಂದರ ಹಾಕುವ ಕೆಲಸವೂ ಇಲ್ಲ ಎಂದಿರಿ. ಅಂಥ ಜಾಗ ಇರುವಾಗ ನಮ್ಮ ಮನೆಯ ಮುಂದಿನ ಬಯಲಿನಲ್ಲಿ ಮಂದಿಯನ್ನು ಬಿಸಿಲಿಗೆ ಕೂಡಿಸುವುದು ಚೆಂದವಲ್ಲ.

ಗುತ್ತಲದ ಸಂಗತಿ ನಿಮಗೆ ಗೊತ್ತೇ ಇದೆ. ಹೋದ ವರ್ಷ ಅಲ್ಲಿ ರೇಣುಕಾಳ ನಿಶ್ಚಯವಾಯಿತು, ಅದೇ ವಾರ ಅವರ ಎತ್ತು ಸತ್ತಿತು. ಹುಡುಗಿಯ ಕಾಲ್ಗುಣ ಎಂದು ಸಂಬಂಧ ಬಿಟ್ಟರು. ನನ್ನ ಮಗಳು ಆ ಎತ್ತನ್ನು ಕಂಡವಳೂ ಅಲ್ಲ. ಅದನ್ನೆಲ್ಲ ಕೇಳಿಯೂ ನೀವು, "ಎತ್ತ ಮುದಿ ಆಗಿತ್ತು, ಸತ್ತತು, ಅದಕ್ಕ ಹುಡಿಗಿ ಏನ್ ಮಾಡ್ಯಾಳು" ಎಂದು ನಕ್ಕು ನಮ್ಮ ಮನೆಗೆ ಬಂದಿರಿ. ಆ ಮಾತನ್ನು ನಾನು ಮರೆಯುವುದಿಲ್ಲ. ಇನ್ನೊಮ್ಮೆ ಹಾಗಾದರೆ ಅವಳನ್ನು ಕೇಳಿಕೊಂಡು ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಅದಕ್ಕೇ ಎಲ್ಲವೂ ನಿಮ್ಮ ವಾಡಿಕೆಯಂತೆ, ನಿಮ್ಮ ಮನೆಯಲ್ಲಿ, ಯಾರೂ ಒಂದು ಮಾತು ಆಡದ ಹಾಗೆ ನಡೆಯಲಿ ಎಂದು ನನ್ನ ಆಸೆ.

ನಮ್ಮಲ್ಲಿಯೂ ಪಕ್ಕದ ಮನೆಯವರ ಹುಣಸೆ ಮರವೊಂದು ಬಿದ್ದಿದೆ. ಸರಿಯಾಗಿ ಬಾಗಿಲಿಗೆ ಅಡ್ಡ. ಮನೆಯವರು ಹಿತ್ತಲಿನಿಂದ ಓಡಾಡುತ್ತಿದ್ದಾರೆ. ಸೊಪ್ಪನ್ನು ಕುರಿಯವರು ಒಯ್ದರು, ಸಣ್ಣ ಟೊಂಗೆಗಳನ್ನು ಊರವರು ಒಲೆಗೆಂದು ಎಳೆದುಕೊಂಡು ಹೋದರು. ಮೊದಲ ದಿನ ಹಬ್ಬದ ಹಾಗೆ ಮಂದಿ. ಈಗ ಬೊಡ್ಡೆ ಉಳಿದಿದೆ, ಅದರ ಹತ್ತಿರ ಯಾರೂ ಸುಳಿಯುವುದಿಲ್ಲ. ಹುಣಸೆಯ ಬೊಡ್ಡೆಗೆ ಕೊಡಲಿ ಹಾಕಿದರೆ ಕೊಡಲಿಯೇ ಹಿಂದಕ್ಕೆ ಬರುತ್ತದೆ. ದೊಡ್ಡ ಗರಗಸದವರು ನಿಮಗೆ ಯಾರಾದರೂ ಗೊತ್ತಿದ್ದಾರೆಯೇ? ಪಕ್ಕದವರು ಕೇಳುತ್ತಿದ್ದಾರೆ.

ಇಂತಿ
ಅಂಜಿನಪ್ಪ


ಬ್ಯಾಡಗಿ
೨ ಮೇ ೧೯೮೬

ಅಂಜಿನಪ್ಪನವರೇ,

ನೀವು ಇಷ್ಟು ಬೇಗ ಸೋಲುವವರೆಂದು ನಾನು ತಿಳಿದಿರಲಿಲ್ಲ. ನಿಶ್ಚಯದ ದಿನ ಕಂಬ ಹಿಡಿದುಕೊಂಡು ನಿಂತವರು ಈಗ ವಾಡಿಕೆ, ಹಿರಿಯರು ಎನ್ನುತ್ತೀರಿ. ಒಪ್ಪುವುದಿಲ್ಲ. ಸೋತವನು ನಾನು, ನನ್ನ ಸೋಲನ್ನು ನನಗೇ ಬಿಡಿ. ಮದುವೆ ಐರಣಿಯಲ್ಲಿ.

ಗುತ್ತಲದವರ ಮಾತನ್ನು ಇನ್ನು ಮುಂದೆ ಬರೆಯಬೇಡಿ. ಓದಿ ನನಗೇ ಸಿಟ್ಟು ಬರುತ್ತದೆ.

ಪಕ್ಕದ ಮನೆಯವರ ಬೇವಿನ ಕಥೆ ಕೇಳಿ. ಮರದ ಜೊತೆ ಕರೆಂಟಿನ ತಂತಿಯೂ ಬಿದ್ದಿತ್ತು. ಅದನ್ನು ಬಿಡಿಸುವವರೆಗೆ ಯಾರೂ ಮರ ಮುಟ್ಟುವ ಹಾಗಿರಲಿಲ್ಲ. ಲೈನ್‌ಮನ್ನನ ಹಿಂದೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆಯಿತು. ಅವನೂ ಏನು ಮಾಡಿಯಾನು, ಮೋಟೆಬೆನ್ನೂರಿನಿಂದ ಇಲ್ಲಿಯವರೆಗೆ ಕಂಬಗಳೆಲ್ಲ ಮಲಗಿವೆ. ಆಮೇಲೆ ರಾಣೆಬೆನ್ನೂರಿನ ಗರಗಸದ ನಬಿಸಾಬನನ್ನು ಹಿಡಿದು ತಂದೆ. ಈಗ ಮೂರು ತಾಲೂಕಿಗೂ ಅವನೊಬ್ಬನೇ ಬೇಕಾದವನು, ಮದುವೆಯ ವರನಿಗೂ ಅಷ್ಟು ಮರ್ಯಾದೆಯಿಲ್ಲ. ಅವನು ಬಂದವನೇ ಗರಗಸ ಹಚ್ಚಲಿಲ್ಲ, ಮರವನ್ನು ಸುತ್ತು ಹಾಕಿದ, ಕುಳಿತ, ಬೀಡಿ ಸೇದಿದ. ಯಾಕೆ ತಡ ಎಂದರೆ, "ಮಲಗಿದ ಮರಾ ಸುಮ್ಮನ ಮಲಗಿರಂಗಿಲ್ರಿ. ಭಾರ ಯಾವ ಕಡೆ ಐತಿ ನೋಡದ ಕೊಯ್ದ್ರ ಗರಗಸ ಹಿಡಕೊಂಡ ಬಿಡಂಗಿಲ್ಲ, ಇಲ್ಲಂದ್ರ ಬೊಡ್ಡಿ ಉರುಳಿ ಮೈಮ್ಯಾಲ ಬರ್ತೈತಿ" ಎಂದ. ಅವನು ಹೇಳಿದ ಹಾಗೇ ಆಯಿತು. ಎರಡನೆಯ ದಿನ ಗರಗಸ ಸಿಕ್ಕಿಕೊಂಡಿತು, ಬೆಣೆ ಬಡಿದು ಬಿಡಿಸುವುದರಲ್ಲಿ ಸಂಜೆಯಾಯಿತು. ಬೇರಿನ ಗಡ್ಡೆಯಂತೂ ಒಂದು ಗುಡಿಸಲಿನಷ್ಟಿದೆ. ಅದು ಎದ್ದ ಜಾಗದಲ್ಲಿ ಬಾವಿಯಂಥ ಗುಂಡಿ.

ಪಕ್ಕದವರ ಮರಕ್ಕೆ ನೀವೇಕೆ ಅಂಗಡಿ ಮುಚ್ಚಿಕೊಂಡು ಒದ್ದಾಡುತ್ತೀರಿ ಎಂದು ಕೇಳಬಹುದು. ನೆರೆಹೊರೆ ಎಂದಮೇಲೆ ಕೈಬಿಡಲಾಗುತ್ತದೆಯೇ. ಅವ್ವನಿಗೂ ಹೊರಗೆ ಹಗ್ಗದ ಹೊರಸು ಹಾಕಿ ಮಲಗಲು ಜಾಗವಿಲ್ಲದೆ ಪಡಸಾಲೆಯಲ್ಲಿ ಮಲಗಿ ಸೆಕೆ ಸೆಕೆ ಎಂದು ನನ್ನನ್ನು ಬೈಯುತ್ತಾಳೆ.

ನಬಿಸಾಬನನ್ನು ನಿಮ್ಮ ಪಕ್ಕದವರಿಗೆ ಈಗ ಕೊಡಲಾಗುವುದಿಲ್ಲ. ನಮ್ಮ ಪಕ್ಕದವರದು ಮುಗಿಯಲಿ.

ನಿಮ್ಮ
ಹೇಮಪ್ಪ


ಐರಣಿ
೭ ಮೇ ೧೯೮೬

ಬೀಗರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಬಿಸಾಬನ ಹೆಸರು ಕೊಟ್ಟು ದೊಡ್ಡ ಉಪಕಾರ ಮಾಡಿದಿರಿ. ನಮ್ಮ ಪಕ್ಕದವರು ಮರುದಿನವೇ ರಾಣೆಬೆನ್ನೂರಿಗೆ ಹೋಗಿ ಅವನ ಮನೆ ಹುಡುಕಿದರು. ಅವನು ಬ್ಯಾಡಗಿಯಲ್ಲಿ ಕೆಲಸದ ಮೇಲಿದ್ದ. ಮನೆಯಲ್ಲಿ ಹೆಂಡತಿ ಕುಲ್ಸುಮಬಿ ಇದ್ದಳು. ಆಕೆಯ ಮುಂದೆ, ಮನೆಯಲ್ಲಿ ಹೆಣ್ಣುಮಗಳ ಮದುವೆ ಇದೆ, ಬಾಗಿಲಿಗೆ ಮರ ಬಿದ್ದಿದೆ ಎಂದು ಹೇಳುತ್ತ ನಮ್ಮ ಪಕ್ಕದವರಿಗೆ ಕಣ್ಣಲ್ಲಿ ನೀರೇ ಬಂತಂತೆ. ಆಕೆ ಅಂದೇ ಗಂಡನಿಗೆ ಹೇಳಿಕಳಿಸಿದಳು: "ಹೆಣ್ಣಹುಡಿಗಿ ಮದವಿ ಅಂತ. ಅಂಗಳದಾಗಿನ ಮರಾ ನಾಕ ದಿನಾ ಬಿದ್ದಿರಲಿ, ಬಾಗಲದಾಗಿಂದು ಮದಲ ತಗೀರಿ." ಅವನು ನಾಳೆ ಇಲ್ಲಿಗೆ ಬರುತ್ತಾನೆ.

ನಿಮ್ಮ ಪಕ್ಕದವರಿಗೆ ಇದರಿಂದ ತೊಂದರೆಯಾಗುವುದು ನನಗೆ ಗೊತ್ತು. ಅವರ ಮನೆಯಲ್ಲಿ ಮದುವೆ ಗಿದುವೆ ಇಲ್ಲವಲ್ಲ, ನಾಲ್ಕು ದಿನ ತಾಳಿಕೊಳ್ಳಲು ಹೇಳಿ. ನನ್ನ ಪರವಾಗಿ ನೀವೇ ಕ್ಷಮೆ ಕೇಳಿಬಿಡಿ.

ಹುಣಸೆಯ ಅಡಿಯಲ್ಲಿ ಕಾಂಪೌಂಡಿನ ಗೋಡೆಯೂ ಸಿಕ್ಕಿಕೊಂಡಿದೆ, ಬೊಡ್ಡೆ ಎತ್ತಿದರೆ ಉಳಿದ ಗೋಡೆಯೂ ಬರುತ್ತದೆ ಎನ್ನುತ್ತಾರೆ. ಎರಡು ಜೊತೆ ಎತ್ತು ಕಟ್ಟಿ ಸರಪಳಿ ಹಾಕಿ ಎಳೆಸಿದರು. ಸರಪಳಿ ಹರಿಯಿತು, ಬೊಡ್ಡೆ ಒಂದು ಗೇಣೂ ಸರಿಯಲಿಲ್ಲ.

ಮದುವೆ ಮಾತ್ರ ಬ್ಯಾಡಗಿಯಲ್ಲೇ ಆಗಬೇಕು. ರಾಣೆಬೆನ್ನೂರಿನ ಪ್ರೆಸ್ಸಿನವನು ಲಗ್ನಪತ್ರಿಕೆಯಲ್ಲಿ ಊರಿನ ಹೆಸರಿಗೆ ಜಾಗ ಬಿಟ್ಟುಕೊಂಡು ಕಾಯುತ್ತಿದ್ದಾನೆ. ಬ್ಯಾಡಗಿ ಎಂದು ಹೇಳಿಬಿಡಲೇ?

ಇಂತಿ
ಅಂಜಿನಪ್ಪ


ಬ್ಯಾಡಗಿ
೧೦ ಮೇ ೧೯೮೬

ಅಂಜಿನಪ್ಪನವರಿಗೆ,

ನಬಿಸಾಬ ಗರಗಸ ಹೆಗಲಿಗೇರಿಸಿಕೊಂಡು ಹೋದ. ಬೊಡ್ಡೆ ಅರ್ಧ ಕೊಯ್ದದ್ದು ಹಾಗೇ ಬಾಯಿ ತೆರೆದುಕೊಂಡು ಬಿದ್ದಿದೆ. ನಿಮ್ಮ ಪಕ್ಕದವರಿಗೆ ನನ್ನ ಕಡೆಯಿಂದ ಹೇಳಿ, ಹೀಗೆ ಇನ್ನೊಬ್ಬರ ಕೆಲಸದವನನ್ನು ನಡುವಿನಲ್ಲಿ ಎಬ್ಬಿಸಿಕೊಂಡು ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ.

ಒಂದು ಮಾತು ಕೇಳುತ್ತೇನೆ. ನಿಶ್ಚಯದ ದಿನ ನಿಮ್ಮ ಓಣಿಯಲ್ಲಿ ಇನ್ನೊಂದು ಮದುವೆ ಇದೆ ಎಂದು ಯಾರೂ ಹೇಳಲಿಲ್ಲ. ಯಾರದು ಅದು? ಅವರೂ ಇದೇ ತಿಂಗಳು ಮಾಡುತ್ತಾರೆಯೇ?

ಊರಿನ ಹೆಸರನ್ನು ಪ್ರೆಸ್ಸಿಗೆ ಹೇಳಬೇಡಿ. ನಿಮ್ಮ ಮಗಳ ಮದುವೆ ನಿಮ್ಮ ಹೊಸಿಲಿನಲ್ಲೇ ಆಗಲಿ ಎಂದು ಗಂಡಿನವನು ಬೇಡಿಕೊಳ್ಳುವುದನ್ನು ನಾನು ಎಲ್ಲಿಯೂ ಕೇಳಿಲ್ಲ. ನಾನು ಕೊಟ್ಟದ್ದನ್ನು ನೀವು ಮತ್ತೆ ಮತ್ತೆ ದೂಡುತ್ತೀರಿ. ನನಗೆ ಏನೇನೋ ಅನಿಸುತ್ತಿದೆ. ಹುಡುಗಿಗೆ ನಮ್ಮ ಉಡಚಪ್ಪ ಮನಸ್ಸಿಗೆ ಬಾರದೆ ಹೋದನೇ? ಹಾಗಿದ್ದರೆ ಹಾಗೆಂದು ಹೇಳಿಬಿಡಿ.

ಹೇಮಪ್ಪ


ಐರಣಿ
೧೪ ಮೇ ೧೯೮೬

ಹೇಮಪ್ಪನವರಿಗೆ,

ಬೀಗರೇ ಎಂದು ಬರೆಯಲು ಹೋಗಿ ಕೈ ನಿಲ್ಲಿಸಿದೆ. ಇನ್ನು ಆ ಮಾತು ನನ್ನದೋ ಅಲ್ಲವೋ ನೀವೇ ಹೇಳಬೇಕು.

ನಮಗೆ ಪಕ್ಕದ ಮನೆಯೇ ಇಲ್ಲ. ಒಂದು ಕಡೆ ಓಣಿ, ಇನ್ನೊಂದು ಕಡೆ ನಮ್ಮದೇ ಕಣ. ನೀವು ಬಂದವರು ನೋಡಿದ್ದೀರಿ, ಮರೆತಿರಿ. ಹುಣಸೆ ನನ್ನದು. ನಿಶ್ಚಯದ ದಿನ ನಿಮ್ಮನ್ನು ಬಸ್ಸು ಹತ್ತಿಸಿ ಬಂದು ಉಂಡ ಎಲೆಗಳನ್ನು ಎತ್ತುತ್ತಿದ್ದೆವು, ಅಷ್ಟರಲ್ಲಿ ಗಾಳಿ ಬಂತು. ನೀವೆಲ್ಲ ಊಟಕ್ಕೆ ಕುಳಿತಿದ್ದ ಜಾಗದ ಮೇಲೆಯೇ ಮರ ಬಿತ್ತು. ಮರಿಯವ್ವ ಅಳುತ್ತ ಆಡಿದ ಮೊದಲ ಮಾತು, "ಯಾರ ಮುಂದೂ ಹೇಳಬ್ಯಾಡ್ರಿ. ಗುತ್ತಲದವರಂಗ ಇವರೂ ಬಿಟ್ಟಗಿಟ್ಟಾರು." ಅದಕ್ಕೇ ಬಚ್ಚಿಟ್ಟೆ. ಅದಕ್ಕೇ ಮದುವೆ ನಿಮ್ಮಲ್ಲಿ ಆಗಲಿ ಎಂದೆ. ಕುಲ್ಸುಮಬಿಯ ಮುಂದೆ ಅತ್ತವನೂ ನಾನೇ.

ನಿನ್ನೆ ನಬಿಸಾಬ ಚಹಕ್ಕೆ ಕುಳಿತಾಗ ಮಾತಿಗೆ ಮಾತು ಬಂತು. ಇದಕ್ಕೂ ಮೊದಲು ಎಲ್ಲಿ ಕೊಯ್ಯುತ್ತಿದ್ದಿರಿ ಎಂದು ಕೇಳಿದೆ. "ಬ್ಯಾಡಗ್ಯಾಗ ಹೇಮಪ್ಪನವರ ಅಂಗಳದಾಗ್ರಿ. ದೊಡ್ಡ ಬೇವಿನ ಮರಾ. ಮಗನ ನಿಶ್ಚೆ ಮಾಡಿದ ದಿನಾನ ಬಿತ್ತಂತ. ಅವರ ಮನಿ ಹೆಣ್ಣಮಗಳೊಬ್ಬಾಕಿ ಅಂತಿದ್ಲು, ಹುಡಿಗಿ ಇನ್ನಾ ಹೊಸ್ತಲಾ ತುಳದಿಲ್ಲ, ಅಷ್ಟರಾಗ ಮನಿ ಮುಂದಿನ ಮರಾ ಹೋತು ಅಂತ" ಎಂದ. ತಾನು ಯಾರ ಮನೆಯಲ್ಲಿ ಕುಳಿತು ಇದನ್ನು ಹೇಳುತ್ತಿದ್ದೇನೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅವನದೇನೂ ತಪ್ಪಿಲ್ಲ. ಆದರೆ ರೇಣುಕಾ ಅವನಿಗೆ ಚಹ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಲೋಟವನ್ನು ಅವನ ಮುಂದಿಟ್ಟು ಒಳಗೆ ಹೋದಳು. ಅಳಲಿಲ್ಲ. ರೊಟ್ಟಿ ಬಡಿಯಲು ಕುಳಿತವಳು ಮನೆಮಂದಿಗೆ ಎರಡು ದಿನಕ್ಕಾಗುವಷ್ಟು ಬಡಿದಳು.

ನೀವು ಯಾಕೆ ಬಚ್ಚಿಟ್ಟಿರಿ, ಮದುವೆಯನ್ನು ನಿಮ್ಮ ಅಂಗಳದಿಂದ ಯಾಕೆ ದೂರ ದೂಡಿದಿರಿ ಎಂದು ಈಗ ನನಗೆ ತಿಳಿಯಿತು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ನೋವಿದೆ. ಎತ್ತು ಮುದಿಯಾಗಿತ್ತು ಎಂದವರು ನೀವು. ಬಿಡುವ ಮನಸ್ಸಿದ್ದರೆ ಬಿಟ್ಟುಬಿಡಿ. ಊರಿನ ಹೆಸರಿನ ನೆಪದಲ್ಲಿ ದಿನ ದೂಡಿ ನನ್ನ ಮಗಳನ್ನು ಕಾಯಿಸಬೇಡಿ. ಒಂದು ಕಾರ್ಡು ಹಾಕಿ. ಇನ್ನು ಯಾರು ಓದಿದರೂ ನನಗೆ ಚಿಂತೆಯಿಲ್ಲ.

ನಾನೇ ಬಂದು ಎದುರು ಕುಳಿತು ಕೇಳುತ್ತಿದ್ದೆ. ಮೊನ್ನೆ ಬೊಡ್ಡೆಯ ಅಡಿಯಲ್ಲಿ ಬಾಗಿ ಸಿಕ್ಕಿಕೊಂಡಿದ್ದ ಒಂದು ದಪ್ಪ ಟೊಂಗೆ ಕೊಯ್ಯುತ್ತಿದ್ದಂತೆ ಸಿಡಿದು ನನ್ನ ಬಲಗಾಲಿಗೆ ಬಡಿಯಿತು. ಕೋಲಿಲ್ಲದೆ ಏಳಲಾಗುವುದಿಲ್ಲ. ನಬಿಸಾಬನಿಗೆ ಸಾಕು, ನೀನು ಬ್ಯಾಡಗಿಗೆ ಹೋಗಿ ಅವರದನ್ನು ಮುಗಿಸು ಎಂದು ಹೇಳಿ ಕಳಿಸಿದ್ದೇನೆ. ನಮಗೆ ಈಗ ಅವಸರವೇನಿದೆ.

ಅಂಜಿನಪ್ಪ


ಬ್ಯಾಡಗಿ
೧೬ ಮೇ ೧೯೮೬

ನನ್ನ ಬೀಗರಾದ ಅಂಜಿನಪ್ಪನವರಿಗೆ,

ಈ ಪತ್ರವನ್ನು ಅಂಚೆಗೆ ಹಾಕಿಲ್ಲ. ಅಷ್ಟು ದಿನ ತಾಳುವ ಶಕ್ತಿ ನನಗಿಲ್ಲ. ಉಡಚಪ್ಪನ ಕೈಯಲ್ಲಿ ಕೊಟ್ಟು ಮೊದಲ ಬಸ್ಸಿಗೆ ಕಳಿಸುತ್ತಿದ್ದೇನೆ. ಕಾಲು ಚಾಚಿಕೊಂಡು ಕುಳಿತು ನಿಧಾನವಾಗಿ ಓದಿ.

ನಮ್ಮ ಪಕ್ಕದ ಮನೆಯವರ ಅಂಗಳದಲ್ಲಿ ತುಳಸಿ ಬಿಟ್ಟರೆ ಇನ್ನೊಂದು ಗಿಡವಿಲ್ಲ. ಬೇವು ನನ್ನದೇ. ನಾವು ಮೋಟೆಬೆನ್ನೂರಿನಿಂದ ಬೆಳಿಗ್ಗೆ ಬಂದು ನೋಡಿದಾಗ ಅದು ಅಂಗಳದ ತುಂಬ ಮಲಗಿತ್ತು. ಅದರ ಬೊಡ್ಡೆಯ ಅಡಿಯಲ್ಲಿ ನಮ್ಮ ಅವ್ವನ ಹೊರಸು ಇತ್ತು. ಇತ್ತು ಎಂದರೆ ನಾಲ್ಕು ಕಾಲು ನಾಲ್ಕು ಕಡೆ, ನಡುವೆ ಚಕ್ಕೆ. ಬೇಸಗೆ ಬಂತೆಂದರೆ ಅವ್ವ ದಿನಾ ದೀಪ ಹಚ್ಚಿದ ಕೂಡಲೇ ಆ ಹೊರಸಿನ ಮೇಲೆ ಅಡ್ಡಾಗುವವಳು. ನಾಲ್ಕರ ಬಸ್ಸು ಸಿಕ್ಕಿದ್ದರೆ ಗಾಳಿ ಬರುವ ಹೊತ್ತಿಗೆ ನಾವು ಮನೆಯಲ್ಲಿರುತ್ತಿದ್ದೆವು, ಅವ್ವ ಅಲ್ಲಿ ಮಲಗಿರುತ್ತಿದ್ದಳು.

ಆ ಬಸ್ಸು ಯಾಕೆ ತಪ್ಪಿತು ಗೊತ್ತೇ? ಬೇಸತ್ತು ಎದ್ದುಹೋದ ಹಿರಿಯರನ್ನು ಸಮಾಧಾನ ಮಾಡಲು ಹೊರಗೆ ಹೋಗಿದ್ದ ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಹೊರಡಲು ಎದ್ದಾಗ ಅವ್ವನ ಎಲೆಅಡಿಕೆಯ ಸಂಚಿಯ ಹೊಲಿಗೆ ಬಿಚ್ಚಿ ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಪಡಸಾಲೆಯಲ್ಲಿ ಚೆಲ್ಲಿದವು. ನಿಮ್ಮ ಮಗಳು ಎಲ್ಲವನ್ನೂ ಆರಿಸಿದಳು. ಅಷ್ಟಕ್ಕೇ ಬಿಡಲಿಲ್ಲ. "ಕುಂದರ್ರಿ ಆಯಿ, ಹಿಂಗ ಒಯ್ದ್ರ ದಾರ್‍ಯಾಗ ಚೆಲ್ಲತೈತಿ. ಹೊಲದ ಕೊಡ್ತೇನಿ" ಎಂದು ಸೂಜಿ ತಂದು ಕುಳಿತಳು. ನಾನು ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ, ಬಸ್ಸು ಹೋಗುತ್ತದೆ ಎಂದು ಕೂಗಾಡಿದೆ. ಅವಳು ತಲೆ ಎತ್ತಲಿಲ್ಲ. ಎರಡೆಳೆ ದಾರ ಹಾಕಿ ಸುತ್ತಲೂ ಹೊಲಿದಳು. ಬಸ್ಸು ಹೋಯಿತು. ಹುಡುಗಿಯ ಕೈ ಬಹಳ ನಿಧಾನ ಎಂದು ದಾರಿಯುದ್ದಕ್ಕೂ ಅವ್ವನ ಮುಂದೆ ಗೊಣಗಿದವನು ನಾನು. ದಯವಿಟ್ಟು ಈ ಒಂದು ಸಾಲನ್ನು ರೇಣುಕಾಳಿಗೆ ಓದಿ ಹೇಳಬೇಡಿ.

ಅಕ್ಕ ಸುಶೀಲವ್ವ ಆ ಮಾತು ಆಡಿದ್ದು ನಿಜ. ಅವಳ ಬಾಯಿ ಹಾಗೆಯೇ. ಆದರೆ ಅವ್ವ ಪಡಸಾಲೆಯಿಂದ ಎದ್ದು ಬಂದು ಏನೆಂದಳು ಎಂಬುದನ್ನು ನಬಿಸಾಬ ಕೇಳಿಸಿಕೊಳ್ಳಲಿಲ್ಲ. "ಸುಶೀಲಾ, ಬಾಯಿ ಮುಚ್ಚ. ಆ ಹುಡಿಗಿ ಸಂಚಿ ಹೊಲ್ಯಾಕ ಕುಂತಿದ್ದಕ್ಕ ನಾ ಇವತ್ತ ನಿನ್ನ ಮುಂದ ನಿಂತೇನಿ. ಇಲ್ಲಂದ್ರ ನೀ ಇಷ್ಟೊತ್ತಿಗೆ ನನ್ನ ತಿಥಿ ಊಟಾ ಉಂಡ ಕೈ ತೊಳಕೊಂತಿದ್ದಿ. ಕಾಲ್ಗುಣ ಅಂದ್ರ ಅದು" ಎಂದಳು. ಅಕ್ಕ ಅವತ್ತಿನಿಂದ ಆ ಮಾತು ಎತ್ತಿಲ್ಲ. ನಬಿಸಾಬ ಮರವನ್ನು ಅರ್ಧ ಕೊಯ್ದ ಹಾಗೆಯೇ ಮಾತನ್ನೂ ಅರ್ಧ ಕೇಳಿಕೊಂಡು ನಿಮ್ಮಲ್ಲಿಗೆ ಬಂದ.

ಹಾಗಿದ್ದರೆ ಯಾಕೆ ಬಚ್ಚಿಟ್ಟೆ ಎಂದು ಕೇಳುತ್ತೀರಿ. ಹೆದರಿದೆ. ನಿಶ್ಚಯದ ದಿನವೇ ಗಂಡಿನ ಮನೆಯ ಮರ ಉರುಳಿತು, ಇಂಥ ಮನೆಗೆ ಮಗಳನ್ನು ಹೇಗೆ ಕೊಡುವುದು ಎಂದು ನೀವೇ ಹಿಂದೆ ಸರಿದರೆ? ಮೊದಲೇ ಗುತ್ತಲದಲ್ಲಿ ನೊಂದವರು ನೀವು. ಅವ್ವನನ್ನು ಉಳಿಸಿದ ಹುಡುಗಿ ಕೈತಪ್ಪಿ ಹೋದಾಳು ಎಂದು ನನಗೆ ನಿದ್ದೆ ಬಂದಿಲ್ಲ. ಬಡಾಯಿಯೂ ಸ್ವಲ್ಪ ಇತ್ತು ಎಂದಿಟ್ಟುಕೊಳ್ಳಿ. ಸಾವಿರ ಮಂದಿಯ ನೆರಳು ಎಂದು ನಿಮ್ಮೂರಿನವರ ಮುಂದೆ ಕೊಚ್ಚಿಕೊಂಡವನು, ನೆರಳು ಮಲಗಿತು ಎಂದು ಯಾವ ಬಾಯಿಂದ ಹೇಳಲಿ.

ಉಡಚಪ್ಪನ ಜೊತೆ ಅವನ ಇಬ್ಬರು ಗೆಳೆಯರಿದ್ದಾರೆ, ಕೊಡಲಿ, ಹಾರೆ, ಹಗ್ಗ ಎಲ್ಲ ಇವೆ. ನಬಿಸಾಬನನ್ನೂ ತಿರುಗಿ ಕಳಿಸಿದ್ದೇನೆ. ಮದುವೆಗೆ ಮೊದಲು ಮದುಮಗ ಹೆಣ್ಣಿನ ಮನೆಗೆ ಹೋಗಬಾರದು ಎಂದು ಅಕ್ಕ ತಕರಾರು ತೆಗೆದಳು. "ಮರಾ ಕಡ್ಯಾಕ ಹೋಗಾಂವ ಮದುಮಗ ಅಲ್ಲ, ಆಳು. ಹೋಗ್ಲಿ ಬಿಡ" ಎಂದಳು ಅವ್ವ. ಆದ್ದರಿಂದ ಅವನಿಗೆ ಉಪಚಾರ ಮಾಡಬೇಡಿ, ಕೆಲಸ ಹೇಳಿ. ಮೊದಲು ನಿಮ್ಮ ಬಾಗಿಲು ಬಿಡುವಾಗಲಿ. ಮದುವೆ ನಿಮ್ಮ ಹೊಸಿಲಿನ ಮುಂದೆಯೇ. ಈ ಸಲ ಇದನ್ನು ಮರಕ್ಕಾಗಿ ಹೇಳುತ್ತಿಲ್ಲ, ನಿಮಗಾಗಿ ಹೇಳುತ್ತಿದ್ದೇನೆ.

ಕಾಲಿಗೆ ಅವ್ವ ಎಣ್ಣೆ ಕೊಟ್ಟಿದ್ದಾಳೆ. ಬಿಸಿ ಮಾಡಿ ಹಚ್ಚಬೇಕಂತೆ.

ನಿಮ್ಮವನೇ ಆದ
ಹೇಮಪ್ಪ


ಐರಣಿ
೧೯ ಮೇ ೧೯೮೬

ಪ್ರೀತಿಯ ಬೀಗರಾದ ಹೇಮಪ್ಪನವರಿಗೆ,

ನಿಮ್ಮ ಪತ್ರವನ್ನು ಎಂದಿನಂತೆ ಎಲ್ಲರನ್ನೂ ಕೂಡಿಸಿಕೊಂಡು ಓದಲು ಶುರು ಮಾಡಿದೆ. ಹೊರಸಿನ ಸಂಗತಿ ಮುಗಿದು ಸಂಚಿಯ ಸಂಗತಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ರೇಣುಕಾ ನನ್ನ ಕೈಯಿಂದ ಪತ್ರ ತೆಗೆದುಕೊಂಡು ತಾನೇ ಮುಂದೆ ಓದಿದಳು. ಆದ್ದರಿಂದ ನೀವು ಓದಬೇಡಿ ಎಂದ ಸಾಲನ್ನೂ ಅವಳೇ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಅಷ್ಟು ದಿನದ ಮೇಲೆ ಮನೆಯಲ್ಲಿ ಎಲ್ಲರೂ ನಕ್ಕೆವು. ಮರಿಯವ್ವ ನಗುತ್ತ ನಗುತ್ತ ಅಳತೊಡಗಿದಳು, ಅವಳನ್ನು ಸುಮ್ಮನಾಗಿಸಲು ಬಹಳ ಹೊತ್ತು ಬೇಕಾಯಿತು.

ನಿಮ್ಮ ಮಗ ಮೂರು ದಿನದಿಂದ ಇಲ್ಲಿ ಆಳಿನ ಹಾಗೆಯೇ ದುಡಿಯುತ್ತಿದ್ದಾನೆ. ಹುಣಸೆಯ ಬೊಡ್ಡೆ ಐದು ತುಂಡಾಯಿತು. ನಬಿಸಾಬ ಗರಗಸದ ಹಲ್ಲನ್ನು ದಿನಕ್ಕೆರಡು ಸಲ ಅರದಿಂದ ಉಜ್ಜಿದ. ಒಂದೊಂದೇ ತುಂಡನ್ನು ಹಾರೆ ಹಾಕಿ ಉರುಳಿಸಿಕೊಂಡು ಕಣಕ್ಕೆ ಒಯ್ದರು. ನಿನ್ನೆ ಸಂಜೆ ನಾವು ಮತ್ತೆ ಮುಂಬಾಗಿಲಿನಿಂದ ಓಡಾಡಿದೆವು. ಮಗಳು ಅವನ ಎದುರಿಗೆ ಬಂದಿಲ್ಲ, ಆದರೆ ಅವನ ಎಲೆಗೆ ತುಪ್ಪ ಮಾತ್ರ ದಿನಾ ಹೆಚ್ಚು ಬೀಳುತ್ತಿದೆ.

ಬಾಗಿಲು ಬಿಡುವಾಯಿತು, ಇನ್ನು ಪ್ರೆಸ್ಸಿಗೆ ಐರಣಿ ಎಂದು ಹೇಳಿಕಳಿಸುತ್ತೇನೆ ಎಂದೆ. ಆಗ ರೇಣುಕಾ ಬೇಡ ಎಂದಳು. ನಿಶ್ಚಯವಾದ ದಿನದಿಂದ ಅವಳು ಇದರಲ್ಲಿ ಒಂದು ಮಾತೂ ಆಡಿರಲಿಲ್ಲ. ಗುತ್ತಲದವರು ಬಿಟ್ಟಾಗಲೂ ಆಡಿರಲಿಲ್ಲ. "ಬ್ಯಾಡಗ್ಯಾಗ ಆಗಲಿ" ಎಂದಳು.

"ನಿನ್ನ ನಮ್ಮ ಹೊಸ್ತಲದಿಂದ ಕಳಸಬೇಕಂತ ಎಲ್ಲಾರ ಕೂಡ ಜಗಳಾಡೇನವಾ" ಎಂದೆ.

"ಗೊತ್ತೈತಪ್ಪ. ನನ್ನ ಮುಚ್ಚಿಟ್ಟ ಮದವಿ ಮಾಡಬ್ಯಾಡ್ರಿ. ಆ ಅಂಗಳಕ್ಕ ನಾ ಹೆದರಕೊಂತ ಹೋಗಂಗಿಲ್ಲ. ಮರಾ ಬಿದ್ದ ಜಾಗಾದಾಗನ ಅಕ್ಷತಿ ಹಾಕಿಸ್ಕೊಂತೇನಿ. ಆ ಆಯಿ ನನ್ನ ಬಾಜೂಕ ಕುಂದರಲಿ. ಮಾತಾಡವರು ಎದುರಿಗೆ ನಿಂತ ನೋಡ್ಲಿ."

ಇಷ್ಟು ದಿನ ಅವಳ ಬಗ್ಗೆ ಯಾರೂ ಒಂದು ಮಾತು ಆಡದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ಅವಳಿಗೆ ಅದು ಬೇಕಾಗಿರಲಿಲ್ಲ. ಹೆಮ್ಮೆಯಾಯಿತು, ದುಃಖವೂ ಆಯಿತು. ಅವಳಿಲ್ಲದ ಮನೆಯನ್ನು ನೆನೆದರೆ ನನಗೆ ಈಗಲೇ ಎದೆ ಖಾಲಿಯಾಗುತ್ತದೆ, ಅದನ್ನು ನಿಮ್ಮ ಮುಂದಲ್ಲದೆ ಇನ್ನಾರ ಮುಂದೆ ಹೇಳಲಿ. ಪ್ರೆಸ್ಸಿನವನಿಗೆ ಬ್ಯಾಡಗಿ ಎಂದು ಹೇಳಿಕಳಿಸಿದ್ದೇನೆ. ಇದನ್ನು ಇನ್ನು ನೀವು ದೂಡಬೇಡಿ, ಇದು ನನ್ನ ಮಾತಲ್ಲ.

ಕಾಲಿನ ಬಾವು ಇಳಿದಿದೆ. ತಾಯಿಯವರ ಎಣ್ಣೆ ಒಳ್ಳೆಯದು.

ನಾಳೆ ಉಡಚಪ್ಪ, ನಬಿಸಾಬ ಇಬ್ಬರೂ ನಿಮ್ಮಲ್ಲಿಗೆ ಹೊರಡುತ್ತಾರೆ. ಬೇವಿನ ಬೊಡ್ಡೆ ದಪ್ಪ, ಬೇರಿನ ಗಡ್ಡೆ ಇನ್ನೂ ಹಾಗೇ ಇದೆ, ಮುಹೂರ್ತದೊಳಗೆ ಅಂಗಳವೆಲ್ಲ ಸ್ವಚ್ಛವಾಗುವುದು ಕಷ್ಟ ಎಂದು ನಬಿಸಾಬ ಹೇಳುತ್ತಾನೆ. ಆಗದಿದ್ದರೆ ಬಿಡಿ, ನಾವು ಮರದ ಆಚೆ ಈಚೆ ಹೇಗೋ ಕುಳಿತುಕೊಳ್ಳುತ್ತೇವೆ. ನನ್ನ ಮಗಳು ನಿಮ್ಮ ಮನೆಯೊಳಗೆ ನಡೆದು ಹೋಗುವಷ್ಟು ದಾರಿ ಬಿಡಿಸಿದರೆ ನನಗೆ ಸಾಕು.

ನಿಮ್ಮ
ಅಂಜಿನಪ್ಪ